ಎಂಟನೆಯ ಮಣಿಯ ಎಣಿಕೆ

2019ರ ನವೆಂಬರ್ 14, ಗುರುವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನನ್ನ ತಂಗಿಯ ಎದೆಯನ್ನು ಎಡ ಪಕ್ಕೆಯಿಂದ ತೆರೆದರು. ಆಧಾರ: ಅರಿವಳಿಕೆ ವೈದ್ಯರು ಆ ದಿನ ತುಂಬಿದ ಹಾಳೆಯ ನಕಲು. ವಾರವನ್ನು ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ; ಹನ್ನೆರಡರ ಮಂಗಳವಾರ ಗೌರಿ ಹುಣ್ಣಿಮೆ, ಆದ್ದರಿಂದ ಹದಿನಾಲ್ಕು ಗುರುವಾರವೇ. ನನ್ನ ದಿನಚರಿಯಲ್ಲಿ ಇದೇ ಸಂಗತಿಗೆ "ಒಂಬತ್ತೂವರೆ" ಎಂದು ಬರೆದುಕೊಂಡಿದ್ದೇನೆ. ಅದು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತವನ ಗಡಿಯಾರ. ಒಳಗಿದ್ದವರ ಹಾಳೆಯನ್ನು ಒಪ್ಪುತ್ತೇನೆ.

ಹೀಗೆ ಒಪ್ಪುವುದು, ಬಿಡುವುದು ನನ್ನ ವೃತ್ತಿಯಾಗಿತ್ತು. ಮೂವತ್ತೊಂದು ವರ್ಷ ಹಳೆಯ ಕಡತಗಳನ್ನೂ ಶಾಸನದ ಪಡಿಯಚ್ಚುಗಳನ್ನೂ ಮುಂದಿಟ್ಟುಕೊಂಡು ತಿಥಿಗೂ ವಾರಕ್ಕೂ ಹೊಂದಿಕೆ ಇದೆಯೇ ಎಂದು ನೋಡಿದವನು ನಾನು. ವಾರ ತಪ್ಪಿದ್ದರೆ ಪತ್ರವನ್ನು ಅನುಮಾನಿಸಬೇಕು. ಎರಡು ಪತ್ರಗಳು ಒಂದೇ ಸಂಗತಿಗೆ ಎರಡು ಲೆಕ್ಕ ಹೇಳಿದರೆ ಮೂರನೆಯದು ಸಿಗುವ ತನಕ ಲೇಖನಿ ಎತ್ತಬಾರದು. ಈ ನಿಯಮದಿಂದ ನನ್ನ ಮೇಜಿನ ಮೇಲೆ ಯಾರಿಗೂ ಕೇಡಾಗಲಿಲ್ಲ. ಸತ್ತು ನಾನೂರು ವರ್ಷವಾದ ದಾನಿ ಇನ್ನೆರಡು ತಿಂಗಳು ಕಾದರೆ ನಷ್ಟವೇನು? 2019ರ ಮೇ ಕೊನೆಗೆ ನಿವೃತ್ತನಾಗಿ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಮನೆಯಲ್ಲಿ ಪುಸ್ತಕಗಳನ್ನು ಜೋಡಿಸಿಕೊಳ್ಳುತ್ತಿದ್ದಾಗ ತಂಗಿಯ ಬೆನ್ನುನೋವು ಆರಂಭವಾಯಿತು.

ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಹರಿಹರದಲ್ಲಿ, ಹೊಳೆಯ ಕಡೆಗೆ ಇಳಿಯುವ ಒಂದು ಬೀದಿಯಲ್ಲಿ ಅವಳ ಮನೆ. ಅವಳ ಗಂಡ ಲೇತ್ ಅಂಗಡಿಯಲ್ಲಿ ಕೆಲಸಗಾರ. ಮಾತು ಕಡಿಮೆ, ಕೈ ಚುರುಕು. ತಂಗಿ ಮುಂಬಾಗಿಲ ಪಕ್ಕದ ಕಿಟಕಿಯ ಕೆಳಗೆ ಕಾಲಿನಿಂದ ತುಳಿಯುವ ಹೊಲಿಗೆ ಮಷೀನು ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಆ ತುಳಿತದ ಸದ್ದು ತಿರುವಿನಿಂದಲೇ ಕೇಳುತ್ತಿತ್ತು. ಸದ್ದು ನಿಂತಿದ್ದರೆ ಅವಳು ಅಡಿಗೆ ಮನೆಯಲ್ಲಿದ್ದಾಳೆ ಎಂದು ಅರ್ಥ. ಹಿತ್ತಲ ಕಡೆಯಿಂದ ಹೋಗಿ ಕರೆಯಬೇಕು.

ಗಣೇಶನ ಹಬ್ಬದ ಹೊತ್ತಿಗೆ ನೋವು ಭುಜದೆಲುಬುಗಳ ನಡುವೆ, ಸ್ವಲ್ಪ ಕೆಳಗೆ ನೆಲೆ ನಿಂತಿತು. ಸಂಜೆಯಾದರೆ ಮೈ ಬಿಸಿ. ದಿನವಿಡೀ ಬಗ್ಗಿ ಕೂತವಳಿಗೆ ಬೆನ್ನು ನೋಯುವುದು ಸಹಜ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಔಷಧದ ಅಂಗಡಿಯವನು ಕೊಟ್ಟ ಗುಳಿಗೆ ನುಂಗಿಕೊಂಡು ದೀಪಾವಳಿಯ ಹೊಲಿಗೆ ಮುಗಿಸಿದಳು. ಹಬ್ಬ ಕಳೆದ ವಾರಕ್ಕೆ ಮಷೀನು ತುಳಿಯುವಾಗ ಬಲಗಾಲು ತಾಳ ತಪ್ಪಲಾರಂಭಿಸಿತು. "ಕಾಲು ನಂದಲ್ಲ ಅನ್ನಿಸ್ತೈತೆ, ಯಾರದೋ ಕಾಲು ಕಡ ತಂದಂಗೆ" ಎಂದು ಫೋನಿನಲ್ಲಿ ನಕ್ಕಳು.

ಇಲ್ಲಿ ಆ ಬೀದಿಯ ಒಬ್ಬ ಮುದುಕಿಯ ವಿಷಯ ಹೇಳಬೇಕು. ಆಕೆ ಮಂಡಕ್ಕಿ ಭಟ್ಟಿಯಲ್ಲಿ ಜೀವಮಾನವಿಡೀ ಮರಳು ಕಾಯಿಸಿ ಅಕ್ಕಿ ಹುರಿದವಳು. ಎಲ್ಲರೂ ಭಟ್ಟಿಯಜ್ಜಿ ಎನ್ನುತ್ತಿದ್ದರು. ಆಕೆ ಹುಟ್ಟುವಾಗ ತಲೆಗೆ ಮೊದಲು ಕಾಲು ಹೊರಗೆ ಬಂದಿತ್ತಂತೆ. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಬೆನ್ನಿನ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಈಗಲೂ ಇದೆ. ಚೀಲ ಹೊರುವ ಹಮಾಲರು, ಬಸ್ಸಿನಿಂದ ಜಾರಿದವರು ಆಕೆಯ ಬಾಗಿಲಿಗೆ ಬರುತ್ತಿದ್ದರು. ಬಂದವರನ್ನು ಹೊಸ್ತಿಲ ಮೇಲೆ ಬೋರಲು ಮಲಗಿಸಿ ಎಡಗಾಲಿನ ಹಿಮ್ಮಡಿಯಿಂದ ಮೂರು ಸಲ ಒತ್ತಿ, ಹಿಂದಿರುಗಿ ನೋಡದೆ ಹೋಗಿ ಎನ್ನುತ್ತಿದ್ದಳು. ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ನವೆಂಬರ್ 3ರ ಭಾನುವಾರ ತಂಗಿಯೂ ಹೋಗಿ ಆ ಹೊಸ್ತಿಲ ಮೇಲೆ ಮಲಗಿದಳು. ಈ ದಿನಾಂಕಕ್ಕೆ ಕಾಗದದ ಆಧಾರವಿಲ್ಲ. ತಂಗಿ, ಅವಳ ಗಂಡ, ಅಜ್ಜಿ ಮೂವರೂ ಅದೇ ದಿನವನ್ನು ಹೇಳುವುದರಿಂದ ಒಪ್ಪಿದ್ದೇನೆ.

ಮುಂದಿನದನ್ನು ನನಗೆ ನೆನಪಿರುವ ಹಾಗೆ ಬರೆಯುತ್ತೇನೆ. ಐದು ವರ್ಷ ನೆಂಟರಿಗೂ ಸ್ನೇಹಿತರಿಗೂ ಹೇಳಿದ್ದು ಇದನ್ನೇ.

ನವೆಂಬರ್ 8ರ ಶುಕ್ರವಾರ ಅವಳನ್ನು ದಾವಣಗೆರೆಗೆ ಕರೆತಂದು ಎಕ್ಸ್‌ರೇ ಮತ್ತು ಎಂ.ಆರ್.ಐ. ಮಾಡಿಸಿದೆವು. ಒಂಬತ್ತರ ಶನಿವಾರ ಆಸ್ಪತ್ರೆಗೆ ಸೇರಿಸಿದೆವು. ಆಟೋದಿಂದ ಅವಳ ಗಂಡ ಅವಳನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದ್ದು ಕಣ್ಣಿಗೆ ಕಟ್ಟಿದಂತಿದೆ; ಪಾದಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ಭಾನುವಾರದ ಹೊತ್ತಿಗೆ ಕಾಲಿನಲ್ಲಿ ಜೀವವೇ ಇರಲಿಲ್ಲ. ನನ್ನ ದಿನಚರಿಯೂ ಅದನ್ನೇ ಹೇಳುತ್ತದೆ: "ಭಾನುವಾರ, 10. ಕಾಲುಗಳಲ್ಲಿ ಚಲನೆ ಇಲ್ಲ. ಮುದುಕಿಯ ತುಳಿತದ ಫಲ."

ಆ ಭಾನುವಾರ ಮಧ್ಯಾಹ್ನ ಶಸ್ತ್ರವೈದ್ಯರು ನನ್ನನ್ನೂ ತಂಗಿಯ ಗಂಡನನ್ನೂ ಒಳಗೆ ಕರೆದರು. ನಲವತ್ತು ದಾಟಿದವರು, ನಮ್ಮ ಸೀಮೆಯವರೇ. ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ತೋರಿಸಿದರು.

"ಇಲ್ಲಿ ನೋಡ್ರಿ ಸರ್. ಈ ಎರಡು ಮಣಿ ಮುಂದಿನಿಂದ ಕರಗಿ ಹೋಗ್ಯಾವೆ. ಟೀಬಿ. ಕೀವು ಕಟ್ಟಿ ಹಿಂದಕ್ಕೆ ಬೆನ್ನುಹುರೀನ ಒತ್ತಾಕ ಹತ್ತೈತೆ. ಗುಳಿಗೆ ಶುರು ಮಾಡೀವಿ, ಆದ್ರೆ ಗುಳಿಗೆ ಕೆಲಸ ಮಾಡೋವರೆಗೆ ಕಾಲು ಕಾಯಂಗಿಲ್ಲ. ಕೀವು ತೆಗೀಬೇಕು."

"ಟೀಬಿ ಅಂದ್ರೆ ಕೆಮ್ಮು ಇರಬೇಕಲ್ರೀ?" ಎಂದ ತಂಗಿಯ ಗಂಡ.

"ಎಲ್ಲಾರಿಗೂ ಕೆಮ್ಮು ಬರಲ್ಲ. ಮೂಳೆಗೂ ಹತ್ತತೈತೆ."

"ಬೆನ್ನಿನ ಕಡೆಯಿಂದಾನೇ ತೆಗೆಯಾಕ ಬರಲ್ವಾ ಡಾಕ್ಟ್ರೇ?" ಎಂದು ನಾನು ಕೇಳಿದೆ.

"ಕೆಲವರಿಗೆ ಮಾಡ್ತೀವಿ. ಇವರಿಗೆ ಕೀವೆಲ್ಲ ಮುಂದೈತೆ. ಹಿಂದಿನಿಂದ ಹೋದ್ರೆ ನಡುವೆ ಹುರಿ ಅಡ್ಡ. ಪಡಸಾಲೆ ಕಸ ಗುಡಿಸಬೇಕು, ಹಿತ್ತಲ ಬಾಗ್ಲಿಂದ ಹೊಕ್ರೆ ನಡುಮನ್ಯಾಗೆ ಬಾಣಂತಿ ಮಲಗ್ಯಾಳೆ ಅಂದ್ರೆ ಹೆಂಗೆ ಮಾಡ್ತೀರಿ? ಮುಂಬಾಗ್ಲಿಂದಾನೇ ಹೋಗಬೇಕು."

"ಮುಂಬಾಗ್ಲು ಅಂದ್ರೆ..."

"ಎದೆ."

ತಂಗಿಯ ಗಂಡ ತನ್ನ ಅಂಗಿಯ ಎಡಭಾಗವನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ವೈದ್ಯರು ಅವಸರವಿಲ್ಲದೆ ವಿವರಿಸಿದರು. ಅವಳನ್ನು ಬಲ ಮಗ್ಗುಲಿಗೆ ಮಲಗಿಸುತ್ತಾರೆ. ಒಂದು ಪಕ್ಕೆಲುಬಿನ ಗುಂಟ ಕೊಯ್ದು ಆ ಎಲುಬನ್ನೇ ತೆಗೆದಿಡುತ್ತಾರೆ. ಕೀವು ತೆಗೆದ ಮೇಲೆ ಮಣಿಗಳ ನಡುವೆ ಉಳಿಯುವ ಖಾಲಿ ಜಾಗಕ್ಕೆ ಅದರ ತುಂಡನ್ನೇ ಬೆಣೆಯಂತೆ ಕೂರಿಸುತ್ತಾರೆ. ಎಡ ಶ್ವಾಸಕೋಶದ ಗಾಳಿ ಇಳಿಸಿ ಪಕ್ಕಕ್ಕೆ ಸರಿಸುತ್ತಾರೆ. ಅಷ್ಟು ಹೊತ್ತೂ ಅವಳು ಒಂದೇ ಶ್ವಾಸಕೋಶದಲ್ಲಿ ಉಸಿರಾಡಬೇಕು. ಅದರ ಹಿಂದೆ ಬೆನ್ನುಮೂಳೆ, ಮೂಳೆಗೆ ಒರಗಿಕೊಂಡು ಹೃದಯದಿಂದ ಇಳಿದು ಬರುವ ಮಹಾಧಮನಿ.

"ಅಪಾಯ ಹೇಳಲೇಬೇಕು, ಕೇಳ್ರಿ. ಆ ದೊಡ್ಡ ನಾಳಕ್ಕೆ ಏನಾದ್ರೂ ಆದ್ರೆ ರಕ್ತ ನಿಲ್ಸೋದು ಕಷ್ಟ. ಮಡಚಿದ ಶ್ವಾಸಕೋಶ ಮತ್ತೆ ಪೂರ್ತಿ ಅರಳದೇ ಇರಬಹುದು, ಗಾಳಿ ಸೋರಬಹುದು, ನ್ಯುಮೋನಿಯಾ ಆಗಬಹುದು. ಹುರಿಗೆ ರಕ್ತ ಒಯ್ಯೋ ಒಂದು ಸಣ್ಣ ನಾಳ ಐತೆ, ಅದು ಯಾವ ಮಣಿ ಹತ್ರ ಒಳಗೆ ಹೋಗ್ತೈತೆ ಅಂತ ಒಬ್ಬೊಬ್ಬರಿಗೆ ಒಂದೊಂದು ಥರ. ಅದು ಕೆಟ್ರೆ ಕಾಲು ಹೋಗಬಹುದು. ಜೀವಾನೂ ಹೋಗಬಹುದು."

"ಮಾಡಿಸದಿದ್ರೆ?"

"ಮಾಡಿಸದಿದ್ರೆ ಕಾಲು ಹೋಗೋದಕ್ಕೆ 'ಬಹುದು' ಇಲ್ಲ ಸರ್. ನಾಳೆ ಬೆಳಿಗ್ಗೆಗೆ ಇಟ್ಟೀನಿ. ಸಹಿ ಹಾಕಿ ಕೊಡ್ರಿ."

ಒಪ್ಪಿಗೆ ಪತ್ರ ನನ್ನ ಕೈಗೆ ಬಂತು. ಅದರ ಜೊತೆ ಎರಡು ವರದಿಗಳಿದ್ದವು. ಕೈಗೆ ಬಂದ ಕಾಗದವನ್ನು ಓದದೆ ಹಿಂತಿರುಗಿಸಿ ನನಗೆ ಅಭ್ಯಾಸವಿಲ್ಲ. ಎಂ.ಆರ್.ಐ. ವರದಿಯಲ್ಲಿ ಕೆಟ್ಟ ಮಣಿಗಳು ಎದೆಭಾಗದ ಎಂಟನೆಯದು ಮತ್ತು ಒಂಬತ್ತನೆಯದು ಎಂದಿತ್ತು. ಎಕ್ಸ್‌ರೇ ವರದಿಯಲ್ಲಿ ಒಂಬತ್ತನೆಯದು ಮತ್ತು ಹತ್ತನೆಯದು. ಒಂದೇ ದಿನ, ಒಬ್ಬಳೇ ರೋಗಿ, ಎರಡು ಎಣಿಕೆ.

ನಾನು ಅದನ್ನು ತೋರಿಸಿದಾಗ ವೈದ್ಯರು ಒಂದು ಕ್ಷಣ ನೋಡಿ ತಲೆಯಾಡಿಸಿದರು. ಒಬ್ಬರು ಕುತ್ತಿಗೆಯಿಂದ ಕೆಳಕ್ಕೆ ಎಣಿಸಿದ್ದಾರೆ, ಇನ್ನೊಬ್ಬರು ಕೊನೆಯ ಪಕ್ಕೆಲುಬಿನಿಂದ ಮೇಲಕ್ಕೆ. ಕೊನೆಯ ಪಕ್ಕೆಲುಬು ಕೆಲವರಿಗೆ ಬೆರಳಿನ ಗೆಣ್ಣಿನಷ್ಟೇ ಇರುತ್ತದೆ, ಎಕ್ಸ್‌ರೇಯಲ್ಲಿ ಕಣ್ಣಿಗೆ ಬೀಳದೆ ಹೋದರೆ ಲೆಕ್ಕ ಒಂದು ತಪ್ಪುತ್ತದೆ ಎಂದರು. ವಿವರಣೆ ಸರಿಯಾಗಿಯೇ ಇತ್ತು. ಆದರೆ ಅದು ವಿವರಣೆ, ಆಧಾರವಲ್ಲ. ತಪ್ಪು ಮಣಿಯನ್ನು ತೆರೆಯುವುದೂ ಈ ಶಸ್ತ್ರಕ್ರಿಯೆಯ ಅಪಾಯಗಳಲ್ಲಿ ಒಂದೆಂದು ಒಪ್ಪಿಗೆ ಪತ್ರದಲ್ಲೇ ಅಚ್ಚಾಗಿತ್ತು.

"ಎರಡೂ ಕಾಗದ ಒಂದೇ ಮಾತು ಹೇಳೋವರೆಗೆ ನಾನು ಸಹಿ ಹಾಕಲ್ಲ ಡಾಕ್ಟ್ರೇ. ಇನ್ನೊಂದು ಸಲ ಸ್ಕ್ಯಾನ್ ಮಾಡ್ಸಿ."

ವೈದ್ಯರು ತಂಗಿಯ ಗಂಡನ ಮುಖ ನೋಡಿದರು. ಕಾನೂನಿನ ಪ್ರಕಾರ ನನಗಿಂತ ಅವನ ಸಹಿಗೆ ಬೆಲೆ ಹೆಚ್ಚು, ಎಲ್ಲಕ್ಕಿಂತ ತಂಗಿಯದಕ್ಕೆ. ಅವನು ಎದ್ದು ನಿಂತು, "ಭಾವಾರು ಓದಿದೋರು ಸರ್. ಅವರು ಹೆಂಗಂತಾರೋ ಹಂಗೆ" ಎಂದ. ವಾರ್ಡಿನಲ್ಲಿ ತಂಗಿಯೂ, "ಅಣ್ಣ ಹಾಕಿದ ಮ್ಯಾಲೆ ನಾನು ಹಾಕ್ತೀನಿ" ಎಂದಳು. ನಾನು ಎಕ್ಸ್‌ರೇ ಫಿಲ್ಮನ್ನು ಅವಳ ಮಂಚದ ಪಕ್ಕದ ಕಿಟಕಿಗೆ ಹಿಡಿದು ಪಕ್ಕೆಲುಬುಗಳನ್ನು ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಎಣಿಸಿದೆ. ಅವಳು ಮಲಗಿದಲ್ಲಿಂದಲೇ ಏನೋ ಹೇಳುತ್ತಿದ್ದಳು. ನಾನು ಎಣಿಕೆಯ ನಡುವೆ ಇದ್ದೆ.

ಸೋಮವಾರ ಆಸ್ಪತ್ರೆಯ ಯಂತ್ರ ಕೆಟ್ಟಿತ್ತು. ಮಂಗಳವಾರ ಬೇರೆ ಕಡೆ ಒಯ್ದು ಸ್ಕ್ಯಾನ್ ಮಾಡಿಸಿದೆವು. ಬುಧವಾರ ವರದಿ ಬಂತು: ಎಂಟು ಮತ್ತು ಒಂಬತ್ತು, ಕೊನೆಯ ಪಕ್ಕೆಲುಬು ಅತಿ ಚಿಕ್ಕದು. ಮೊದಲಿನ ಎಂ.ಆರ್.ಐ. ವರದಿಯೇ ಸರಿಯಾಗಿತ್ತು. ಮೂರನೆಯ ಆಧಾರ ಸಿಕ್ಕ ತೃಪ್ತಿಯಿಂದ ನಾನು ಸಹಿ ಹಾಕಿದೆ. ಕೆಳಗೆ ತಂಗಿಯ ಗಂಡ, ಅದರ ಕೆಳಗೆ ತಂಗಿ.

ಶಸ್ತ್ರಕ್ರಿಯೆ ಆರು ಗಂಟೆ ನಡೆಯಿತು. ಸಾವು ಬರಲಿಲ್ಲ, ದೊಡ್ಡ ನಾಳ ಹರಿಯಲಿಲ್ಲ. ಎಡ ಶ್ವಾಸಕೋಶ ಮಾತ್ರ ಹಟ ಹಿಡಿಯಿತು. ಪಕ್ಕೆಯಿಂದ ಹೊರಟ ಕೊಳವೆ ಮಂಚದ ಕೆಳಗಿನ ಬಾಟಲಿಗೆ ಇಳಿದಿತ್ತು. ಒಳಗೆ ಗಾಳಿ ಸೋರುತ್ತಿರುವ ತನಕ ಅದರ ನೀರಿನಲ್ಲಿ ಗುಳ್ಳೆ ಏಳುತ್ತದೆ ಎಂದು ನರ್ಸ್ ಹೇಳಿದ್ದರು. ನಾನು ದಿನವೂ ಬಗ್ಗಿ ಗುಳ್ಳೆ ನೋಡುತ್ತಿದ್ದೆ. ಹನ್ನೊಂದು ದಿನ ಎದ್ದವು. ಉಸಿರು ಎಳೆದರೆ ಮೂರು ಚೆಂಡು ಮೇಲೇರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಎಲುಬು ತೆಗೆದ ಜಾಗ ಪ್ರತಿ ಉಸಿರಿಗೂ ಕತ್ತರಿ ಆಡಿಸಿದಂತೆ ನೋಯುತ್ತಿತ್ತಂತೆ.

"ಒಂದು ಚೆಂಡೂ ಏಳಲ್ಲಣ್ಣ. ಸೋಮಾರಿ ಚೆಂಡು, ಮನ್ಯಾಗಿನ ಗಂಡಸರಂಗೆ" ಎಂದಳು. ಅವಳ ಗಂಡ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು ನಕ್ಕ. ಅದಾದ ಮೇಲೆ ಅವನು ನಕ್ಕಿದ್ದನ್ನು ನಾನು ಬಹಳ ದಿನ ನೋಡಲಿಲ್ಲ.

ಕಾಲು ಬರಲಿಲ್ಲ. ಸೊಂಟದಿಂದ ಕೆಳಗೆ ಸೂಜಿ ಚುಚ್ಚಿ ಕೇಳಿದರೆ, "ಚುಚ್ಚಿದ್ರಾ?" ಎನ್ನುತ್ತಿದ್ದಳು.

ಇಪ್ಪತ್ತೊಂದನೆಯ ತಾರೀಕು ಭಟ್ಟಿಯಜ್ಜಿ ಹರಿಹರದಿಂದ ಬಸ್ಸು ಹತ್ತಿ ಬಂದಳು. ಕಂಕುಳಲ್ಲಿ ಮಂಡಕ್ಕಿಯ ಚೀಲ. ವಾರ್ಡಿನ ಬಾಗಿಲಲ್ಲೇ ನಾನು ಅಡ್ಡ ನಿಂತೆ.

"ಹೆಂಗೈತಪ್ಪ ಕೂಸಿಗೆ?"

"ಹೆಂಗಿರ್ತೈತೆ? ಕೊಳೆತ ಮೂಳೆ ಮ್ಯಾಲೆ ಕಾಲಿಟ್ಟೆಯಲ್ಲ, ನಿನ್ನ ಕಾಲು ಇವಳ ಕಾಲು ತಿಂದು ಹಾಕ್ತು."

ಮುದುಕಿ ಚೀಲವನ್ನು ಕಂಕುಳಿಂದ ಕೆಳಗಿಳಿಸಿದಳು. "ನಾ ಒತ್ತಲಿಲ್ಲಪ್ಪ. ಮುಟ್ಟಿಸಿದೆ ಅಷ್ಟೇ. ಬೆನ್ನು ಬಿಸಿ ಇತ್ತು, ಅದ್ಕೇ ಹಗೂರ್ಕೆ ಮುಟ್ಟಿಸಿದೆ."

"ಡಾಕ್ಟ್ರು ಎಲ್ಲಾ ಹೇಳ್ಯಾರೆ. ಇನ್ನು ಈ ಕಡೆ ಬರಬ್ಯಾಡ. ಅವಳ ಮನೀಗೂ ಹೋಗಬ್ಯಾಡ."

ವೈದ್ಯರು ಹಾಗೆ ಹೇಳಿರಲಿಲ್ಲ. ಆ ಕ್ಷಣದಲ್ಲಿ ನನಗೆ ಹೇಳಿದ್ದರೆಂದೇ ಅನ್ನಿಸಿತ್ತು. ಆಕೆ ಚೀಲವನ್ನು ಗೋಡೆಗೆ ಒರಗಿಸಿ ಹೋದಳು. ಯಾರೂ ತಿನ್ನಲಿಲ್ಲ, ಪಕ್ಕದ ಮಂಚದವರು ಮರುದಿನ ಕೇಳಿ ಒಯ್ದರು.

ಮುಂದಿನ ಐದು ವರ್ಷಗಳನ್ನು ಚಿಕ್ಕದಾಗಿ ಹೇಳಬಹುದು. ಟೀಬಿ ಗುಣವಾಯಿತು. ತಂಗಿಯ ಗಂಡ ಹೊಲಿಗೆ ಮಷೀನಿಗೆ ಸಣ್ಣ ಮೋಟರು ಕೂರಿಸಿ, ಅದರ ತುಳಿಗುಂಡಿಯನ್ನು ಕಾಲಿನ ಬಳಿಯಿಂದ ಕಿತ್ತು ಬಲ ಮೊಣಕೈಗೆ ಸಿಗುವಂತೆ ಲೇತಿನಲ್ಲಿ ತಾನೇ ಕಡೆದ ಒಂದು ಕಬ್ಬಿಣದ ತೋಳಿಗೆ ಜೋಡಿಸಿದ. ತಂಗಿ ಗಾಲಿಕುರ್ಚಿಯಲ್ಲಿ ಕೂತು ಮೊಣಕೈಯಿಂದ ಅದನ್ನು ಒತ್ತಿ ಹೊಲಿಯುತ್ತಾಳೆ. ಈಗ ತಿರುವಿನಲ್ಲಿ ತುಳಿತದ ಸದ್ದಿಲ್ಲ. ಜೇನು ಗುಂಯ್ಗುಟ್ಟಿದಂತೆ ಮೋಟರಿನ ಸದ್ದು. ಭಟ್ಟಿಯಜ್ಜಿ ಆ ಮನೆಯ ಮುಂದೆ ಹಾಯುವುದನ್ನೂ ಬಿಟ್ಟು ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಾಳೆಂದು ಕೇಳಿದೆ. ಸರಿಯಾಯಿತು ಎಂದುಕೊಂಡೆ. ಸಹಿ ಹಾಕದೆ ಕಾದದ್ದರಿಂದ ತಂಗಿಯ ಒಳ್ಳೆಯ ಮಣಿಯೊಂದು ಉಳಿಯಿತು, ಕಾಲು ಅದಕ್ಕೂ ಮೊದಲೇ ಹೋಗಿತ್ತು, ಕಳೆದವಳು ಮುದುಕಿ. ಇದು ನಾನು ಹೇಳುತ್ತಿದ್ದ ಚರಿತ್ರೆ.

2024ರ ಆಗಸ್ಟ್‌ನಲ್ಲಿ ತಂಗಿಯ ಅಂಗವಿಕಲರ ಗುರುತಿನ ಚೀಟಿಯ ಕೆಲಸಕ್ಕೆ ಹಳೆಯ ಚಿಕಿತ್ಸೆಯ ಕಾಗದ ಬೇಕಾಯಿತು. ನಮ್ಮ ಬಳಿ ಇದ್ದದ್ದು ಬಿಡುಗಡೆಯ ಸಾರಾಂಶ ಮಾತ್ರ. ಪೂರ್ತಿ ಕೇಸ್ ಶೀಟಿನ ನಕಲಿಗೆ ನಾನೇ ಅರ್ಜಿ ಕೊಟ್ಟೆ. ಇಪ್ಪತ್ತೊಂದರ ಬುಧವಾರ ದಾಖಲೆ ವಿಭಾಗದ ಗುಮಾಸ್ತರು ದಾರ ಕಟ್ಟಿದ ಒಂದು ಕಟ್ಟು ಕೊಟ್ಟರು. "ಎಲ್ಲಾ ಯಾಕ ಸರ್, ಮೊದಲ್ನೇ ಎರಡು ಹಾಳೆ ಸಾಕಲ್ಲ?" ಎಂದರು. ಸಾಕಾಗಿತ್ತು. ಆದರೂ ಮನೆಗೆ ತಂದು ಮೇಜಿನ ಮೇಲಿಟ್ಟು ಮೊದಲಿನಿಂದ ಓದಿದೆ. ಬರಹ ಇಂಗ್ಲಿಷಿನದು, ಕೆಳಗಿನ ಕನ್ನಡ ನನ್ನದು.

ಶನಿವಾರ, 9, ದಾಖಲಾತಿ ಹಾಳೆ: "ರೋಗಿ ಗಂಡನ ಆಸರೆ ಹಿಡಿದು ನಡೆದು ಬಂದಿದ್ದಾರೆ."

ಭಾನುವಾರ, 10, ಶಸ್ತ್ರವೈದ್ಯರ ಟಿಪ್ಪಣಿ: "ಎರಡು ವರದಿಗಳ ಎಣಿಕೆಯಲ್ಲಿ ವ್ಯತ್ಯಾಸ. ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಎಕ್ಸ್‌ರೇ ಯಂತ್ರದಿಂದ ಎಣಿಸಿ ಖಚಿತಪಡಿಸಿಕೊಳ್ಳಲಾಗುವುದೆಂದು ತಿಳಿಸಲಾಗಿದೆ. ತಡವಾದರೆ ಕಾಲಿನ ಶಕ್ತಿ ಹೋಗಬಹುದೆಂದು ತಿಳಿಸಲಾಗಿದೆ. ಅಣ್ಣ ಒಪ್ಪುತ್ತಿಲ್ಲ."

ಸೋಮವಾರ, 11, ನರ್ಸ್ ಹಾಳೆ, ಬೆಳಿಗ್ಗೆ ಆರು: "ಎರಡೂ ಪಾದದ ಬೆರಳು ಆಡುತ್ತಿವೆ." ಮಂಗಳವಾರ, 12, ಬೆಳಿಗ್ಗೆ ಆರು: "ಬಲಗಡೆ ಇಲ್ಲ. ಎಡಗಡೆ ಸ್ವಲ್ಪ." ಅದೇ ದಿನ ಸಂಜೆ ಆರು, ಸ್ಕ್ಯಾನಿನಿಂದ ಹಿಂದಿರುಗಿದ ಮೇಲೆ: "ಎರಡೂ ಕಡೆ ಇಲ್ಲ. ವೈದ್ಯರಿಗೆ ತಿಳಿಸಲಾಗಿದೆ."

ಸಂಬಂಧಪಟ್ಟವರು ಆಮೇಲೆ ತಿದ್ದಿದ ಕಡತಗಳನ್ನು ನಾನು ಎಷ್ಟೋ ನೋಡಿದ್ದೇನೆ. ಇದರಲ್ಲಿ ತಿದ್ದಿದ ಗುರುತಿಲ್ಲ. ನಾಲ್ಕು ಬೇರೆ ಬೇರೆ ಕೈಬರಹ, ಐದು ಬೇರೆ ಹೊತ್ತು; ಸುಳ್ಳು ಹೇಳುವ ಕಾರಣ ಯಾರಿಗೂ ಇಲ್ಲ. ಆ ಶಸ್ತ್ರವೈದ್ಯರನ್ನು ಹುಡುಕಿ ಫೋನು ಮಾಡಿದೆ. ಸೋಮವಾರವೇ ಮಾಡಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ಕೇಳಿದೆ. "ಹೇಳಾಕ ಬರಲ್ಲ ಸರ್. ಕೆಲವರಿಗೆ ಉಳೀತೈತೆ" ಎಂದರು. ಅಜ್ಜಿಯ ಕಾಲಿನ ಬಗ್ಗೆ ಕೇಳಿದೆ. "ಅದಾದ್ಮೇಲೆ ಆರು ದಿನಕ್ಕೆ ನಡ್ಕೊಂಡು ಬಂದಿದ್ರಲ್ಲ ಸರ್ ಅವರು?" ಎಂದರು.

ಮರುದಿನ ಹರಿಹರಕ್ಕೆ ಹೋದೆ. ತಂಗಿ ರವಿಕೆಯ ತೋಳು ಜೋಡಿಸುತ್ತಿದ್ದಳು. ಹಾಳೆಗಳನ್ನು ಓದಿ ಹೇಳಿದೆ, ಅಂದು ವಾರ್ಡಿನ ಬಾಗಿಲಲ್ಲಿ ಭಟ್ಟಿಯಜ್ಜಿಗೆ ಅಂದದ್ದನ್ನೂ ಹೇಳಿದೆ. ಅವಳು ಮೊಣಕೈ ಎತ್ತಿದಳು; ಮೋಟರು ನಿಂತಿತು.

"ಆಗ್ಲೇ ಹೇಳಿದ್ನಲ್ಲಣ್ಣ ನಾನು. ಬೆರಳು ಆಡ್ತಾವೆ ನೋಡು, ಬ್ಯಾಗ ಮಾಡಿಸಿಬಿಡು ಅಂತ. ನೀನು ಕಿಟಕೀಗೆ ಫಿಲ್ಮ್ ಹಿಡ್ಕಂಡು ಎಣಿಸ್ತಿದ್ದಿ. ಎಣಿಕೆ ತಪ್ಪತೈತೆ, ಸುಮ್ನಿರು ಅಂದಿ."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ಹೇಳಿ? ಕಾಲು ಹೋಗಿತ್ತು, ಅಣ್ಣನೂ ಹೋಗಬೇಕಿತ್ತಾ?"

ಕೈಯಲ್ಲಿದ್ದ ತೋಳನ್ನು ಮಡಿಚಿ ಪಕ್ಕಕ್ಕಿಟ್ಟು ಮತ್ತೆ ಹೇಳಿದಳು: "ಆದ್ರೆ ಆ ಮುದುಕೀಗೆ ನೀನು ಹಂಗಂದದ್ದು ನಂಗೆ ಗೊತ್ತಿರಲಿಲ್ಲ. ಆಕಿ ಯಾಕ ಬರಲ್ಲ ಅಂತ ಎಷ್ಟು ಸಲ ಕೇಳೀನಿ ನಿನ್ನ. ವಯಸ್ಸಾಗೈತೆ ಅಂದಿ. ಹೋಗು, ನೀನೇ ಹೇಳಿ ಬಾ. ಅಲ್ಲೀವರೆಗೆ ನನ್ನ ಮನ್ಯಾಗೆ ಕೂಡಬ್ಯಾಡ."

ಭಟ್ಟಿಯಜ್ಜಿ ಈಗ ಒಲೆಯ ಮುಂದೆ ಕೂರುವುದಿಲ್ಲ. ಅಂಗಳದಲ್ಲಿ ಮೊರ ಹಿಡಿದು ಮಂಡಕ್ಕಿಯಿಂದ ಕರಿಕಲು ಆರಿಸುತ್ತಿದ್ದಳು. ನನ್ನನ್ನು ಕಂಡು ಏಳಲು ಹೋದಳು. ನಾನು ಕೆಳಗೆ ಕೂತು ಎಲ್ಲವನ್ನೂ ಹೇಳಿದೆ: ನಡೆದು ಬಂದಿದ್ದಳು, ಬೆರಳು ಆಡುತ್ತಿದ್ದವು, ತಡ ಮಾಡಿದವನು ನಾನು, ನಿನ್ನ ಕಾಲಿನಿಂದಲ್ಲ.

ಆಕೆ ಮೊರವನ್ನು ಒಮ್ಮೆ ಕೊಡವಿದಳು. "ಹಂಗಾದ್ರೆ ನಾನಲ್ಲ?"

"ನೀನಲ್ಲ ಅಜ್ಜಿ."

"ನಾನೂ ನಾನೇ ಅನ್ಕಂಡಿದ್ನಪ್ಪ. ಓದಿದೋನು ಹೇಳ್ತಾನೆ, ಸುಳ್ಳಾಗ್ತೈತಾ ಅಂತ." ತನ್ನ ಎಡಗಾಲನ್ನು ಸೀರೆಯ ನಿರಿಗೆಯೊಳಗೆ ಎಳೆದುಕೊಂಡಳು. "ಅವತ್ತಿಂದ ಯಾರಿಗೂ ಮುಟ್ಟಿಸಿಲ್ಲ. ಮೊಮ್ಮಗಳು ಬಿದ್ದು ಸೊಂಟ ಹಿಡ್ಕಂಡಾಗ್ಲೂ ಮುಟ್ಟಿಸಲಿಲ್ಲ. ಅತ್ತಳು, ಮುಟ್ಟಿಸಲಿಲ್ಲ."

ಕ್ಷಮಿಸು ಎಂದೆ. ಆಕೆ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಕರಿಕಲು ಆರಿಸುವುದನ್ನು ಮುಂದುವರಿಸಿದಳು. ಸ್ವಲ್ಪ ಹೊತ್ತು ಕಾದು ಎದ್ದು ಬಂದೆ. ತಂಗಿಯ ಮನೆಗೆ ಹಿಂದಿರುಗಲಿಲ್ಲ. ಹೇಳಿ ಬಂದೆನೆಂದು ಫೋನಿನಲ್ಲಿ ತಿಳಿಸಿದೆ.

ಒಂದು ಕೆಲಸ ಉಳಿದಿತ್ತು. ಆಸ್ಪತ್ರೆಯ ಹಾಳೆಗೂ ನನ್ನ ದಿನಚರಿಗೂ ನೇರ ವಿರೋಧವಿದೆ: ಸೋಮವಾರ ಬೆರಳು ಆಡುತ್ತಿದ್ದುದು ನಿಜವಾದರೆ, ಭಾನುವಾರವೇ "ಕಾಲುಗಳಲ್ಲಿ ಚಲನೆ ಇಲ್ಲ" ಎಂದು ನಾನು ಬರೆದದ್ದು ಹೇಗೆ? ದಿನಚರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇನ್ನೊಬ್ಬರ ಪತ್ರವನ್ನು ನೋಡುವಂತೆ ನೋಡಿದೆ. ನವೆಂಬರ್ 8, 9, 11, 12ರ ಬರಹಗಳು ನನ್ನ ಕಪ್ಪು ಶಾಯಿ ಪೆನ್ನಿನವು. ಹದಿಮೂರರ ಬುಧವಾರದ ಪುಟದ ಮೊದಲ ಸಾಲು: "ಶಾಯಿ ಪೆನ್ನು ಎಲ್ಲೋ ಬಿದ್ದುಹೋಯಿತು. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ನೀಲಿ ಬಾಲ್ ಪೆನ್ನು ಕೊಂಡೆ." ಅಲ್ಲಿಂದ ಮುಂದೆಲ್ಲ ನೀಲಿ. ಹತ್ತರ ಪುಟದಲ್ಲಿ ಮೊದಲು ಕಪ್ಪು ಶಾಯಿಯಲ್ಲಿ ಪಕ್ಕೆಲುಬಿನ ಎಣಿಕೆ ಇದೆ: ಮೇಲಿನಿಂದ ಹನ್ನೊಂದು, ಕೆಳಗಿನಿಂದ ಹನ್ನೊಂದು, ಅದರ ಮುಂದೆ ಒಂದು ಪ್ರಶ್ನೆಯ ಗುರುತು. ಕೆಳಗೆ ಖಾಲಿ ಬಿಟ್ಟಿದ್ದ ಜಾಗದಲ್ಲಿ, ಕಾಲಿನ ವಿಷಯವೂ ಮುದುಕಿಯ ವಿಷಯವೂ ನೀಲಿಯಲ್ಲಿವೆ. ಆ ಎರಡು ಸಾಲು ಹದಿಮೂರರ ನಂತರ ಸೇರಿಸಿದವು. ಸೇರಿಸಿದ್ದು ನನಗೆ ನೆನಪಿಲ್ಲ. ಕೈಬರಹ ನನ್ನದೇ.

ನರ್ಸ್ ಹಾಳೆಯಲ್ಲಿ ಭಾನುವಾರದ ಸಂಜೆಯ ಒಂದು ಸಾಲಿದೆ. ಅಕ್ಷರ ಕೂಡಿಕೊಂಡಿದ್ದರಿಂದ ಮೊದಲ ಓದಿನಲ್ಲಿ ಬಿಟ್ಟಿದ್ದೆ. ಭೂತಗನ್ನಡಿ ಇಟ್ಟು ಓದಿದೆ. 10-11-2019, ಸಂಜೆ ನಾಲ್ಕು: "ರೋಗಿ ಎರಡೂ ಪಾದದ ಬೆರಳು ಆಡಿಸಿ ತೋರಿಸಿದರು. ಅಣ್ಣ ಮಂಚದ ಪಕ್ಕದಲ್ಲಿ ಹಾಜರಿದ್ದರು."